ಅಮಾವಾಸ್ಯೆಯ ದಿನ ಮಾಡಿದ ಪರೀಕ್ಷೆ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗದಗಿನ ಒಂದು ಮಾಳಿಗೆಯ ಕೋಣೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಇದ್ದದ್ದು ಒಂದೇ ಯಂತ್ರ. ಅದನ್ನು ನಾನೂ ಲಕ್ಷ್ಮೇಶ್ವರದ ರೇಡಿಯೋ ರಿಪೇರಿಯವರೊಬ್ಬರೂ ಕೂಡಿ ತಂದಿದ್ದೆವು. ಅವರು ನನಗಿಂತ ಹತ್ತು ವರ್ಷ ಹಿರಿಯರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರು ನನ್ನನ್ನು ಮಾಸ್ತರ್ ಎನ್ನುತ್ತಿದ್ದರು. ಆ ಬೇಸಿಗೆಯಲ್ಲಿ ನಾವಿಬ್ಬರೂ ಏನು ಮಾಡಿದೆವು ಎಂಬುದನ್ನು, ಖಚಿತವಾಗಿ ನೆನಪಿರುವಷ್ಟು ಮಾತ್ರ, ಇಲ್ಲಿ ಬರೆಯುತ್ತೇನೆ.

ಮುಂಡರಗಿಯ ಕಡೆ ಶಿಕ್ಷಕರ ತರಬೇತಿ ಕೊಡುವ ಒಂದು ಸಂಸ್ಥೆ ಇತ್ತು. ನಲವತ್ತು ಸೀಟು, ಸಾವಿರಕ್ಕೂ ಮೇಲ್ಪಟ್ಟು ಅರ್ಜಿ. ಪ್ರತಿ ಅರ್ಜಿಯ ಆರು ವಿಷಯಗಳ ಅಂಕ ಕೂಡಿಸಿ, ಹೆಚ್ಚಿನಿಂದ ಕಡಿಮೆಗೆ ಜೋಡಿಸಿದ ಪಟ್ಟಿ ಅವರಿಗೆ ಬೇಕಿತ್ತು. ಕೆಲಸ ನಮಗೆ ಬಂತು. ಅಂಕಗಳನ್ನೆಲ್ಲ ನಾನೇ ತುಂಬಿದೆ. ಕೂಡಿಸಿ ಜೋಡಿಸಲು ಯಂತ್ರಕ್ಕೆ ಎರಡು ತಾಸು ಬೇಕಾಗುತ್ತಿತ್ತು. ಆ ತಿಂಗಳು ಕರೆಂಟು ಒಂದೂವರೆ ತಾಸಿನ ಮೇಲೆ ನಿಲ್ಲುತ್ತಿರಲಿಲ್ಲ. ಮೂರು ಸಲ ಅರ್ಧಕ್ಕೆ ನಿಂತಿತು, ಮೂರು ಸಲವೂ ಮೊದಲಿನಿಂದ ಶುರು ಮಾಡಿದೆ. ಕೆಲಸವನ್ನು ತುಂಡು ತುಂಡಾಗಿ ಮಾಡಿ ಉಳಿಸಿಕೊಳ್ಳಬಹುದು ಎಂಬ ಬುದ್ಧಿ ಆಗ ನನಗೆ ಹೊಳೆಯಲಿಲ್ಲ.

ಯಂತ್ರವನ್ನೇ ಜೋರಾಗಿ ಓಡಿಸೋಣ ಎಂದವರು ಭಾಯಿ. ಒಳಗಿನ ಹಲಗೆಯ ಮೇಲೆ ಉಗುರಿನಷ್ಟು ದೊಡ್ಡದಾದ ತಗಡಿನ ಡಬ್ಬಿಯಲ್ಲಿ ಒಂದು ಕ್ರಿಸ್ಟಲ್ ಇರುತ್ತದೆ. ಅದು ಹಾಕುವ ತಾಳಕ್ಕೆ ತಕ್ಕಂತೆ ಮುಖ್ಯ ಚಿಪ್ಪು ಲೆಕ್ಕ ಮಾಡುತ್ತದೆ. ನಮ್ಮದು ಹನ್ನೆರಡು ಮೆಗಾಹರ್ಟ್ಸಿನ ಕ್ರಿಸ್ಟಲ್. ಅದನ್ನು ಕಿತ್ತು ಹದಿನಾರರದನ್ನು ಕೂಡಿಸಿದರೆ ಎರಡು ತಾಸಿನ ಕೆಲಸ ಒಂದೂವರೆ ತಾಸಿಗೆ ಇಳಿಯುತ್ತದೆ. ಆದರೆ ಚಿಪ್ಪನ್ನು ಆ ವೇಗಕ್ಕೆಂದು ಮಾಡಿರಲಿಲ್ಲ.

ಅವರು ಅವಸರದ ಮನುಷ್ಯರಲ್ಲ. ವಾಯರು ಕಿತ್ತ ಮೇಲೂ, ಒಳಗೆ ಉಳಿದ ಕರೆಂಟು ಇಳಿಯಲೆಂದು, ಐದು ನಿಮಿಷ ಕೈ ಹಾಕಗೊಡಲಿಲ್ಲ. ಹಳೆಯ ಕ್ರಿಸ್ಟಲ್ಲನ್ನು ಬೆಂಕಿಪೊಟ್ಟಣದಲ್ಲಿಟ್ಟು ಮೇಲೆ ಗುರುತು ಬರೆದರು. ನೇರ ಹದಿನಾರಕ್ಕೆ ಹೋಗದೆ ಮೊದಲು ಹದಿನಾಲ್ಕರದನ್ನು ಕೂಡಿಸಿ ಒಂದು ದಿನ ಓಡಿಸಿದರು. ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟರು. ಹತ್ತು ನಿಮಿಷಕ್ಕೊಮ್ಮೆ ಬೆರಳಿನ ಹಿಂಭಾಗದಿಂದ ಚಿಪ್ಪು ಮುಟ್ಟಿ ನೋಡುತ್ತಿದ್ದರು.

“ನಮ್ಮನ್ಯಾಗ ನನ್ನ ಮಗಳಿಗೆ ಜ್ವರ ಬಂದಾಗ ಸೈತ ನಾ ಇಷ್ಟು ಸಲ ಮುಟ್ಟಿ ನೋಡಿಲ್ಲ, ಮಾಸ್ತರ್ರ,” ಎಂದರು.

ಪರೀಕ್ಷೆಯ ಪ್ರೋಗ್ರಾಮು ನನ್ನದು. ಒಂದರಿಂದ ಸಾವಿರದವರೆಗಿನ ಸಂಖ್ಯೆಗಳನ್ನು ಕೂಡಿಸಬೇಕು. ಉತ್ತರ ಐದು ಲಕ್ಷದ ಐದುನೂರು. ಯಂತ್ರ ಅದನ್ನೇ ಮತ್ತೆ ಮತ್ತೆ ಮಾಡುತ್ತ ಹೋಗಬೇಕು, ಉತ್ತರ ಬೇರೆ ಬಂದ ಕೂಡಲೇ ಪರದೆಯ ಮೇಲೆ ಒಂದು ಚುಕ್ಕೆ ಮೂಡಬೇಕು. ಹದಿನಾರರ ಕ್ರಿಸ್ಟಲ್ ಹಾಕಿ ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ಓಡಿಸಿದೆವು. ಅಂದು ಕರೆಂಟು ಒಮ್ಮೆಯೂ ಹೋಗಲಿಲ್ಲ. ವೋಲ್ಟೇಜ್ ಏರಿಳಿದಾಗಲೆಲ್ಲ ಟಕ್ ಟಕ್ ಎನ್ನುತ್ತಿದ್ದ ಸ್ಟೆಬಿಲೈಜರ್ ಕೂಡ ಸುಮ್ಮನಿತ್ತು. ಒಂದು ಚುಕ್ಕೆಯೂ ಮೂಡಲಿಲ್ಲ. ಯಂತ್ರ ಗಟ್ಟಿ ಐತಿ ಎಂದು ಭಾಯಿ ಚಹಾ ತರಿಸಿದರು.

ಅಂದು ಅಮಾವಾಸ್ಯೆ. ಪಕ್ಕದ ಬೆಟಗೇರಿಯ ಕರೆಂಟಿನ ಮಗ್ಗಗಳೆಲ್ಲ ರಜೆಯೆಂದು ನಿಂತಿದ್ದವು. ಅದು ನಮ್ಮಿಬ್ಬರಿಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಅದನ್ನೂ ನಮ್ಮ ಪರೀಕ್ಷೆಯನ್ನೂ ಕೂಡಿಸಿ ನೋಡುವುದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಕರೆಂಟು ಬಂದ ಕೂಡಲೇ ಪಟ್ಟಿಯ ಕೆಲಸ ಶುರು ಮಾಡಿದೆ. ಒಂದು ತಾಸು ಇಪ್ಪತ್ತೆಂಟು ನಿಮಿಷಕ್ಕೆ ಮುಗಿಯಿತು. ಸಂಜೆ ಎರಡು ಪ್ರತಿ ಮುದ್ರಿಸಿದೆ. ಅದರ ಮರುದಿನ ಮುಂಜಾನೆ ಭಾಯಿ ಒಂದು ಪ್ರತಿ ಹಿಡಿದು ಮುಂಡರಗಿ ಬಸ್ ಹತ್ತಿದರು.

ಅವರು ಹೋದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಕಾರಣ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅದೇ ಪರೀಕ್ಷೆಯನ್ನು ಮತ್ತೆ ಹಚ್ಚಿ ಎದುರಿಗೆ ಕುಳಿತೆ. ಸ್ಟೆಬಿಲೈಜರ್ ಟಕ್ ಎಂದಿತು, ಬಲ್ಬು ಕೆಂಪಗಾಯಿತು, ಮತ್ತೆ ಟಕ್ ಎಂದಿತು. ಬೆಟಗೇರಿಯಲ್ಲಿ ಮಗ್ಗಗಳು ಶುರುವಾಗಿ ವೋಲ್ಟೇಜ್ ಕುಸಿಯುತ್ತಿತ್ತು. ನಲವತ್ತು ನಿಮಿಷವಾಗಿತ್ತು. ಪರದೆಯ ಮೇಲೆ ಒಂದು ಚುಕ್ಕೆ ಮೂಡಿತು. ಯಂತ್ರ ನಿಲ್ಲಲಿಲ್ಲ, ಮುಂದಿನ ಲೆಕ್ಕಕ್ಕೆ ಹೋಯಿತು, ಆ ಉತ್ತರ ಸರಿಯಾಗಿಯೇ ಬಂತು.

ಕೆಟ್ಟರೆ ಯಂತ್ರ ನಿಲ್ಲುತ್ತದೆ ಎಂದು ನಾನು ನಂಬಿದ್ದೆ. ತಪ್ಪು ಹೇಳಿ ಏನೂ ಆಗದವರಂತೆ ಮುಂದೆ ಹೋಗುತ್ತದೆ ಎಂದು ಅಂದುಕೊಂಡಿರಲಿಲ್ಲ.

ಅಂಕಗಳ ಹಾಳೆ ತೆಗೆದು ಪೆನ್ಸಿಲ್ಲಿನಿಂದ ಕೂಡಿಸತೊಡಗಿದೆ. ಮೊದಲು ಮೇಲಿನ ನಲವತ್ತು ಹೆಸರುಗಳನ್ನು ನೋಡಿದೆ. ಎಲ್ಲ ಸರಿ ಇದ್ದವು. ಆಮೇಲೆ ಕೆಳಗಿನವು. ಮಧ್ಯಾಹ್ನ ಎರಡರ ಹೊತ್ತಿಗೆ ಶಿಗ್ಲಿಯ ಒಬ್ಬ ಹುಡುಗಿಯ ಹೆಸರಿಗೆ ಬಂದೆ. ಎಪ್ಪತ್ತಾರು, ಎಂಬತ್ತೊಂದು, ಅರವತ್ತೊಂಬತ್ತು, ಎಪ್ಪತ್ತೆಂಟು, ಎಂಬತ್ನಾಲ್ಕು, ಅರವತ್ತೊಂಬತ್ತು. ನನಗೆ ನಾಲ್ಕುನೂರ ಐವತ್ತೇಳು ಬಂತು. ಪಟ್ಟಿಯಲ್ಲಿ ಮುನ್ನೂರ ತೊಂಬತ್ಮೂರು ಇತ್ತು. ಮೂರು ಸಲ ಕೂಡಿಸಿದೆ. ಅವಳಿಗೆ ಸಲ್ಲಬೇಕಾದದ್ದು ಮೂವತ್ತೊಂದನೆಯ ಸ್ಥಾನ. ನಮ್ಮ ಪಟ್ಟಿಯಲ್ಲಿ ಅವಳು ಎಲ್ಲೋ ಕೆಳಗೆ ಬಿದ್ದಿದ್ದಳು.

ಸಂಸ್ಥೆಗೆ ಫೋನ್ ಹತ್ತಲಿಲ್ಲ. ಮುಂಡರಗಿ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಇಳಿದಾಗ ಭಾಯಿ ಗದಗಿನ ಬಸ್ಸಿಗೆ ಕಾಯುತ್ತ ನಿಂತಿದ್ದರು. ಶಿಗ್ಲಿಯ ಹುಡುಗಿಯ ಎರಡೂ ಮೊತ್ತ ತೋರಿಸಿದೆ. ಅವರು ಬೆರಳು ಮಡಚಿ ವ್ಯತ್ಯಾಸ ತೆಗೆದರು.

“ಅರವತ್ನಾಕು. ಒಳಗ ಎರಡೆರಡರ ಲೆಕ್ಕದಾಗ ಅರವತ್ನಾಕರ ಮನಿದು, ಒಂದ ಒಂದು ಬಿಟ್ ಬಿದ್ದೈತಿ, ಮಾಸ್ತರ್ರ,” ಎಂದರು. ಮಡಚಿದ ಬೆರಳು ಬಿಚ್ಚಿ, “ಕೈ ಹಚ್ಚಿದಾಂವ ನಾ. ಶಿಗ್ಲಿಗೆ ಹೇಳಾಕ ನಾ ಹೊಕ್ಕೀನಿ,” ಎಂದರು.

ಪಟ್ಟಿ ಹನ್ನೆರಡಕ್ಕೇ ಬೋರ್ಡಿಗೆ ಹತ್ತಿತ್ತು. ಆ ಹುಡುಗಿ ತಂದೆಯ ಜೊತೆ ಬಂದು, ಮೇಲಿನಿಂದ ಕೆಳಗೆ ಎರಡು ಸಲ ಓದಿ, ಏನೂ ಕೇಳದೆ ಹೋದಳೆಂದು ಅಲ್ಲಿನ ಸಿಪಾಯಿ ಹೇಳಿದ. ನಾನು ಪ್ರಾಚಾರ್ಯರ ಮುಂದೆ ಎಲ್ಲವನ್ನೂ ಹೇಳಿದೆ, ಅಮಾವಾಸ್ಯೆಯನ್ನೂ ಬಿಡಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಐದು ಮಂದಿ ಶಿಕ್ಷಕರೂ ನಾನೂ ನೆಲದ ಮೇಲೆ ಕುಳಿತು ಅಷ್ಟೂ ಅರ್ಜಿಗಳನ್ನು ಕೈಯಿಂದ ಕೂಡಿಸಿದೆವು. ಇನ್ನೊಂದು ತಪ್ಪು ಸಿಕ್ಕಿತು, ಅದು ತೀರ ಕೆಳಗಿನದು, ಯಾರ ಸೀಟನ್ನೂ ಮುಟ್ಟುವಂಥದ್ದಲ್ಲ. ಶಿಗ್ಲಿಯ ಹುಡುಗಿಯ ಹೆಸರು ಮೂವತ್ತೊಂದರಲ್ಲಿ ಕೂತಿತು. ಮಧ್ಯಾಹ್ನ ಅವಳೂ ತಂದೆಯೂ ಬಂದರು. ಹೊಸ ಪಟ್ಟಿಯನ್ನೂ ಅವಳು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು.

ಸೀಟು ನಲವತ್ತೇ. ನಲವತ್ತನೆಯವನಾಗಿದ್ದ ಕಳಸಾಪುರದ ತರುಣ ಈಗ ನಲವತ್ತೊಂದನೆಯವನಾಗಿದ್ದ. ಹಿಂದಿನ ದಿನ ತನ್ನ ಹೆಸರು ನೋಡಿಕೊಂಡು ಹೋಗಿ, ಅಣ್ಣನ ಜೊತೆ ಟ್ರಂಕು ಹಾಸಿಗೆ ಸಮೇತ ಬಂದಿದ್ದ. ಪ್ರಾಚಾರ್ಯರು ನನ್ನ ಕಡೆ ನೋಡಿ, “ಪಟ್ಟಿ ಮಾಡಿದವರು ನೀವು. ಹೇಳವ್ರೂ ನೀವ ಆಗ್ರಿ,” ಎಂದರು.

ಹೇಳಿದೆ. ಅವನು ಕೂಗಾಡಲಿಲ್ಲ.

“ನಿನ್ನೆ ನನ್ನ ಹೆಸರು ಇತ್ತಲ್ರಿ.”

“ಇತ್ತು. ನಮ್ಮ ಮಶೀನು ತಪ್ಪು ಲೆಕ್ಕ ಮಾಡಿತ್ತು.”

“ಇದಾದ್ರೂ ಖರೆ ಐತೇನ್ರಿ?”

ಅವನ ಅರ್ಜಿ ತೆಗೆದು ಅವನೆದುರೇ ಕೂಡಿಸಿದೆ. ನಾಲ್ಕುನೂರ ನಲವತ್ತೊಂಬತ್ತು. ಈಗ ನಲವತ್ತನೆಯ ಸ್ಥಾನದಲ್ಲಿದ್ದವರದು ನಾಲ್ಕುನೂರ ಐವತ್ತು. ಶಿಗ್ಲಿಯವರದೂ ತೋರಿಸ್ರಿ ಎಂದ. ತೋರಿಸಿದೆ. ಆಮೇಲೆ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಅವಳ ಆರು ಅಂಕಿಗಳನ್ನೂ ತನ್ನ ಆರು ಅಂಕಿಗಳನ್ನೂ ತಾನೇ ಕೂಡಿಸಿದ. ತುಟಿ ಅಲ್ಲಾಡುತ್ತಿತ್ತು. ಎಲ್ಲಿಯೂ ತಪ್ಪಲಿಲ್ಲ. ಕೂಡಿಸುವುದು ನಮ್ಮ ಯಂತ್ರಕ್ಕಿಂತ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಪೆನ್ಸಿಲ್ ವಾಪಸು ಕೊಟ್ಟು, ಗದಗಿನ ಬಸ್ ಎಷ್ಟಕ್ಕೈತಿ ಎಂದು ಕೇಳಿದ. ನಾನು ಹೇಳುವಷ್ಟರಲ್ಲಿ ಅವನ ಅಣ್ಣ ಟ್ರಂಕು ಎತ್ತಿ ತಲೆಯ ಮೇಲಿಟ್ಟುಕೊಂಡಿದ್ದ.