ಹಿಲ್ಕಾ ತೆರೆದಿಟ್ಟ ಪುಟ

ಹಿಲ್ಕಾ ರೌಟಿಯೊ ಚಿಕ್ಕಂದಿನಿಂದಲೂ ಪುಕ್ಕಲು. ಮನೆಯಿಂದ ಹೊರಟವಳು ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸಿಕೊಂಡು ಬರುವ ಹೆಂಗಸು. ಚಳಿಗಾಲದಲ್ಲಿ ಸುಪೀರಿಯರ್ ಸರೋವರದ ಅಂಚು ಹೆಪ್ಪುಗಟ್ಟಿ, ಊರಿಗೆ ಊರೇ ಅದರ ಮೇಲೆ ಮೀನು ಹಿಡಿಯಲು ಕೂತರೂ ಇವಳು ಮಾತ್ರ ದಂಡೆ ಬಿಟ್ಟು ಕದಲುತ್ತಿರಲಿಲ್ಲ. ಗಂಡ ಅರ್ವೋ ಬಂದರಿನಲ್ಲಿ ಹಡಗಿಗೆ ಗೋಧಿ ತುಂಬಿಸುವ ಕೆಲಸದವನು. "ಹೆದರೋಕೆ ಏನೂ ಸಿಗ್ಲಿಲ್ಲ ಅಂದ್ರೆ, ಯಾಕೆ ಸಿಗ್ಲಿಲ್ಲ ಅಂತ ಹೆದರ್ತೀಯ ನೀನು," ಎಂದು ರೇಗಿಸುತ್ತಿದ್ದ.

ಅವಳು ನೋಡಿಕೊಳ್ಳುತ್ತಿದ್ದದ್ದು ಆ ಊರಿನ ಆಸ್ಪತ್ರೆಯ ಗ್ರಂಥಾಲಯವನ್ನು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆ ಅದು. ದಿನವಿಡೀ ಗೋಡೆ ಸಣ್ಣಗೆ ನಡುಗುತ್ತಿತ್ತು. ಅಲ್ಲಿಗೆ ಬರುತ್ತಿದ್ದವರು ವೈದ್ಯರು, ನರ್ಸುಗಳು ಮಾತ್ರ. ಯಾವುದೋ ವಿಚಿತ್ರ ಜ್ವರ, ಹೊಸದಾಗಿ ಬಂದ ಔಷಧಿ, ಅದರ ಬಗ್ಗೆ ಜಗತ್ತಿನಲ್ಲಿ ಯಾರು ಏನು ಬರೆದಿದ್ದಾರೆಂದು ಹಿಲ್ಕಾ ಹುಡುಕಿ ಕೊಡುತ್ತಿದ್ದಳು. ಆಮೇಲೆ ಎಲ್ಲರ ಮೇಜಿನ ಮೇಲೂ ಕಂಪ್ಯೂಟರು ಬಂತು, ಮೆಟ್ಟಿಲಿಳಿದು ಬರುವವರು ಕಡಿಮೆಯಾದರು. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ, ಆ ಕೋಣೆಯಲ್ಲಿ ಗಾಲಿಕುರ್ಚಿಗಳನ್ನು ಇಟ್ಟರೆ ಹೇಗೆ ಎಂಬ ಮಾತು ಮೇಲಿನ ಮಹಡಿಯಲ್ಲಿ ನಡೆಯುತ್ತಿದೆ ಎಂದು ಯಾರೋ ಅವಳ ಕಿವಿಗೆ ಹಾಕಿದರು.

ಆ ಭಯವೇ ಅವಳನ್ನು ಟೊರಾಂಟೋದ ಗ್ರಂಥಪಾಲಕರ ಸಭೆಗೆ ಎಳೆದುಕೊಂಡು ಹೋಯಿತು. ಓದುಗರು ಬರಲಿ ಎಂದು ಕಾಯಬೇಡಿ, ಅವರಿರುವಲ್ಲಿಗೆ ನೀವೇ ಹೋಗಿ, ಬ್ಲಾಗ್ ತೆರೆಯಿರಿ, ಅವರೂ ಬರೆಯಲಿ ಎಂದು ಅಲ್ಲೊಬ್ಬಳು ಹೇಳಿದಳು. ಹಿಲ್ಕಾ ಊರಿಗೆ ಬಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರನ್ನು ಕೇಳಿದಳು. ಈ ವರ್ಷ ಆಗುವುದಿಲ್ಲ ಎಂದರು. ಅಲ್ಲಿಯವರೆಗೆ ತನ್ನ ಕೋಣೆ ಉಳಿದಿರುತ್ತದೆಯೋ ಇಲ್ಲವೋ. ಹೊರಗಿನ ಬಿಟ್ಟಿ ಜಾಲತಾಣವೊಂದರಲ್ಲಿ ತಾನೇ ಬ್ಲಾಗ್ ತೆರೆದು, ಪಾಸ್‌ವರ್ಡ್ ಹಾಕಿ, ಅದನ್ನು ಚೀಟಿಗಳಲ್ಲಿ ಬರೆದು ಪ್ರತಿ ವಾರ್ಡಿಗೂ ಹಂಚಿ ಬಂದಳು.

ಮೊದಮೊದಲು ಅವಳು ಬರೆದದ್ದನ್ನು ಅವಳೇ ಓದಿಕೊಂಡಳು. ಚಳಿ ಶುರುವಾದ ಮೇಲೆ, ಕೈ ತೊಳೆದೂ ತೊಳೆದೂ ಚರ್ಮ ಒಡೆಯುತ್ತಿದೆ, ಏನು ಮಾಡಲಿ ಎಂದು ಯಾರೋ ಕೇಳಿದರು. ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ಹಚ್ಚಿ ಎಂದು ಇನ್ಯಾರೋ ಬರೆದರು. ಶಸ್ತ್ರಚಿಕಿತ್ಸೆಯ ಹಿರಿಯ ವೈದ್ಯರು ತಾವೂ ಅದನ್ನೇ ಹಚ್ಚುವುದೆಂದು ಒಪ್ಪಿಕೊಂಡರು. ಆಮೇಲೆ ಪುಟ ಖಾಲಿ ಇದ್ದ ದಿನವೇ ಇಲ್ಲ. ಹಿಲ್ಕಾಗೆ ಆ ಕೆಲವು ವಾರ ಗೋಡೆಯ ನಡುಕವೂ ಹಿತವೆನಿಸುತ್ತಿತ್ತು.

ಜನವರಿಯಲ್ಲಿ ಹೆಸರಿಲ್ಲದ ಒಂದು ಬರಹ ಬಂತು. "ಮೂರನೇ ಮಹಡಿಯ ಪಂಪುಗಳ ಬಗ್ಗೆ ಎಲ್ಲಾದರೂ ಏನಾದರೂ ಬರೆದಿದ್ದಾರಾ? ರೋಗಿಗೆ ಹೋಗ್ತಿದ್ದ ಔಷಧಿ ನಿಂತುಹೋದರೂ ಅಲಾರಂ ಹೊಡೆಯಲಿಲ್ಲ. ಒಂದು ಸಲ ಅಲ್ಲ. ಹೇಳಿದರೆ ನಾವೇ ಸರಿಯಾಗಿ ಸಿಕ್ಕಿಸಿಲ್ಲ ಅಂತಾರೆ."

ಯಾರು ಬರೆದದ್ದೆಂದು ಹಿಲ್ಕಾಗೆ ಓದಿದ ತಕ್ಷಣ ತಿಳಿಯಿತು. ಆ ವಾರವೇ ಡಾರ್ಲಾ ಮೂನಿಯಸ್ ಎಂಬ ನರ್ಸ್ ಕೆಳಗೆ ಬಂದು, ರಕ್ತನಾಳಕ್ಕೆ ಔಷಧಿ ಹರಿಸುವ ಪಂಪಿನ ಕೈಪಿಡಿ ಇದೆಯೇ ಎಂದು ಕೇಳಿ, ನಿಂತಲ್ಲೇ ಓದಿ ಹೋಗಿದ್ದಳು. ಹಿಲ್ಕಾ ದಿನವೆಲ್ಲ ಹುಡುಕಿದಳು, ಏನೂ ಸಿಗಲಿಲ್ಲ. 'ಹುಡುಕುತ್ತಿದ್ದೇನೆ, ಬೇರೆ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ' ಎಂದು ಪಂಪಿನ ಕಂಪನಿಯ ಹೆಸರನ್ನೂ ಸೇರಿಸಿ ಕೆಳಗೆ ಬರೆದಳು.

ಮರುದಿನ ಆಡಳಿತಾಧಿಕಾರಿ ಲೋರ್ನ್ ಹ್ಯಾಚರ್ ಕರೆಸಿಕೊಂಡ. ಎಂದೂ ದನಿ ಏರಿಸದ ಮನುಷ್ಯ. ಅದಕ್ಕೇ ಅವನೆಂದರೆ ಅವಳಿಗೆ ಹೆಚ್ಚು ಹೆದರಿಕೆ.

"ಇದನ್ನ ಬರೆದಿದ್ದು ಯಾರು ಹಿಲ್ಕಾ?"

"ಹೆಸರು ಹಾಕಿಲ್ಲ."

"ಹಾಕಿಲ್ಲ ಅನ್ನೋದು ನನಗೂ ಕಾಣ್ತಿದೆ. ಯಾರು ಅಂತ ಕೇಳ್ತಿದ್ದೀನಿ."

"ಗೊತ್ತಿಲ್ಲ," ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು.

"ರೋಗಿಗಳ ಮನೆಯವರು ಯಾರಾದ್ರೂ ಓದಿದ್ರೆ ನಾಳೆ ವಕೀಲರನ್ನ ಕರ್ಕೊಂಡು ಬರ್ತಾರೆ. ಹೊರಗಿನವರಿಗೆ ಇದು ಕಾಣಲ್ಲ ತಾನೆ?"

"ಇಲ್ಲ, ಪಾಸ್‌ವರ್ಡ್ ಇದೆ."

"ಒಳ್ಳೇದು. ನಾಳೆ ಬೆಳಿಗ್ಗೆಯೊಳಗೆ ಅದನ್ನ ತೆಗೆದುಬಿಡಿ. ಹೆಸರು ನೆನಪಾದ್ರೆ ನನಗೊಂದು ಮಾತು ಹೇಳಿ."

ಮೆಟ್ಟಿಲಿಳಿಯುವಾಗ ಒಳಗಿನ ಹುಳ ಎದ್ದಿತು. ಪಾಸ್‌ವರ್ಡ್ ನಿಜವಾಗಿ ಇದೆಯೇ? ತನ್ನ ಮೇಜಿನ ಕಂಪ್ಯೂಟರು ಅದನ್ನು ಕೇಳಿ ಎಷ್ಟು ದಿನವಾಯಿತು? ಅದಕ್ಕೆ ತನ್ನ ಗುರುತಿದೆ, ಕೇಳುವುದಿಲ್ಲ. ಬೇರೆಯವರನ್ನು ಕೇಳುತ್ತಿದೆಯೇ?

ಮನೆಗೆ ಬಂದವಳು ಕೋಟನ್ನೂ ತೆಗೆಯದೆ ಅರ್ವೋನ ಕಂಪ್ಯೂಟರಿನ ಮುಂದೆ ಕೂತಳು. ಅವನು ಅದರಲ್ಲಿ ನೋಡುತ್ತಿದ್ದದ್ದು ಹಾಕಿ ಪಂದ್ಯಗಳ ಅಂಕ, ಅಷ್ಟೆ. ಬ್ಲಾಗಿನ ವಿಳಾಸ ಹಾಕಿದಳು. ಪುಟ ಏನನ್ನೂ ಕೇಳದೆ ತೆರೆದುಕೊಂಡಿತು.

ಕ್ರಿಸ್‌ಮಸ್ಸಿಗೆಂದು ಪುಟದ ಬಣ್ಣ ಬದಲಿಸಿದ್ದಳು. ಆಗ ಏನನ್ನೋ ಒತ್ತಿರಬೇಕು, ಬೀಗ ಬಿದ್ದುಹೋಗಿದೆ. ಅಂದಿನಿಂದ ಇಡೀ ಜಗತ್ತಿಗೆ ಬಾಗಿಲು ಹಾರುಹೊಡೆದಿತ್ತು.

"ಏನಾಯ್ತೇ?" ಅರ್ವೋ ಅಡುಗೆಮನೆಯಿಂದ ಬಂದ. "ಮುಖ ಹಿಂಗ್ಯಾಕೆ ಮಾಡ್ಕೊಂಡಿದ್ದೀಯ?"

ಅವಳು ಪುಟವನ್ನು ಕೆಳಕ್ಕೆ ಸರಿಸಿದಳು. ಪಂಪಿನ ಬರಹದ ಕೆಳಗೆ ಅವಳು ನೋಡಿರದ ಇನ್ನೊಂದು ಬರಹವಿತ್ತು. ಬರೆದವಳು ಜಿಸೆಲ್ ಎಂಬಾಕೆ, ಪೂರ್ವ ಕರಾವಳಿಯ ಯಾವುದೋ ಆಸ್ಪತ್ರೆಯ ಗ್ರಂಥಪಾಲಕಿ. ಕಂಪನಿಯ ಹೆಸರು ಹುಡುಕುವಾಗ ಈ ಪುಟ ಸಿಕ್ಕಿತು. ಅದೇ ಪಂಪುಗಳು ನಮ್ಮಲ್ಲೂ ಇವೆ. ಬ್ಯಾಟರಿ ಹಳೆಯದಾದರೆ ಪಂಪಿನ ಜೊತೆ ಅಲಾರಮ್ಮೂ ಸತ್ತುಹೋಗುತ್ತದೆ. ಕಂಪನಿಗೆ ಇದು ಗೊತ್ತು, ಕೇಳಿದವರಿಗೆ ಮಾತ್ರ ಹೇಳುತ್ತಾರೆ. ನಮ್ಮವರು ಬ್ಯಾಟರಿ ಬದಲಿಸಿದರು, ಪರೀಕ್ಷೆಯ ವರದಿ ಬೇಕಾದರೆ ಈ ಇ-ಮೇಲಿಗೆ ಬರೆಯಿರಿ, ಕಳಿಸುತ್ತೇನೆ. ಇಷ್ಟು ಬರೆದಿದ್ದಳು.

ಹಿಲ್ಕಾ ಮೊದಲು ಜಿಸೆಲ್‌ಗೆ ವರದಿ ಕಳಿಸುವಂತೆ ಬರೆದಳು. ಆಮೇಲೆ ಬೀಗ ಹಾಕಿದಳು. ಹಾಕಿದ ಮೇಲೆ ಮತ್ತೆ ಮತ್ತೆ ತೆರೆಯಲು ನೋಡಿದಳು. ಆಮೇಲೆ ಗಂಡನಿಗೆ ಎಲ್ಲ ಹೇಳಿದಳು.

"ಬೀಗ ಹಾಕಿದ್ಯಲ್ಲ, ಮುಗೀತು. ಅದನ್ನ ಅಳಿಸಿಬಿಡು. ತೆರೆದಿತ್ತು ಅಂತ ಹ್ಯಾಚರ್‌ಗೆ ಯಾರು ಹೇಳ್ತಾರೆ?"

"ಮುಚ್ಚಿಟ್ರೆ ಬ್ಯಾಟರಿ ವಿಷಯ ಹೇಗೆ ಹೇಳ್ಲಿ? ಹೊರಗಿನವಳು ಓದಿದ್ದು ಹೇಗೆ ಅಂತ ಮೊದಲು ಅದನ್ನೇ ಕೇಳ್ತಾನೆ."

"ಹೇಳ್ಲೇಬೇಡ. ಕೆಲಸ ಹೋಗುತ್ತೆ ಕಣೇ."

"ಮೂರನೇ ಮಹಡೀಲಿ ಈಗ್ಲೂ ಯಾರೋ ಆ ಪಂಪ್ ಹಾಕ್ಕೊಂಡು ಮಲಗಿದ್ದಾರೆ ಅರ್ವೋ."

ಅವನು ಕಾಫಿ ಬಗ್ಗಿಸಿ ಅವಳ ಮುಂದಿಟ್ಟ. ಅದು ಅಲ್ಲೇ ತಣ್ಣಗಾಯಿತು.

ಬೆಳಿಗ್ಗೆ ಡಾರ್ಲಾ ಗ್ರಂಥಾಲಯದ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. "ನನ್ನ ಹೆಸರು ಹೇಳಿದ್ರಾ?"

"ಇಲ್ಲ."

"ಹೇಳ್ತೀರಾ?"

"ನನಗೆ ಭಯ ಆಗ್ತಿದೆ ಡಾರ್ಲಾ," ಎಂದಳು ಹಿಲ್ಕಾ. "ಆದ್ರೆ ಹೇಳಲ್ಲ."

ಜಿಸೆಲ್ ಕಳಿಸಿದ ವರದಿ ಬಂದಿತ್ತು. ಅದರ ಪ್ರತಿ ತೆಗೆದುಕೊಂಡು ಮೇಲೆ ಹೋದಳು. ಹ್ಯಾಚರನ ಮೇಜಿನ ಮೇಲೆ ಕಾಗದ ಇಟ್ಟು, ಅವನು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು. "ನಿನ್ನೆ ನಾನು ಹೇಳಿದ್ದು ತಪ್ಪು. ಪುಟ ತೆರೆದಿತ್ತು. ಯಾರು ಬೇಕಾದ್ರೂ ಓದಬಹುದಿತ್ತು. ಒಬ್ರು ಓದಿದ್ದಾರೆ. ಅವರು ಕಳಿಸಿದ್ದು ಇದು."

ಅವನು ಓದಿದ. ಮತ್ತೊಮ್ಮೆ ಮೊದಲಿಂದ ಓದಿದ. ಕಿಟಕಿಯ ಹೊರಗೆ ಹಿಮ ಬಾಚುವ ಗಾಡಿಯ ಸದ್ದು ಹತ್ತಿರ ಬಂದು ದೂರ ಹೋಯಿತು. ಕೊನೆಗೆ ಫೋನೆತ್ತಿ ಯಂತ್ರ ವಿಭಾಗದವರಿಗೆ ಹೇಳಿದ. "ಮೂರನೇ ಮಹಡಿ ಪಂಪೆಲ್ಲ ಇಳಿಸಿ. ಹೌದು, ಈಗ್ಲೇ. ಬದಲಿಗೆ ಎಲ್ಲಿಂದಾದ್ರೂ ತನ್ನಿ." ಫೋನಿಟ್ಟು ಅವಳ ಕಡೆ ನೋಡಿದ. "ನಿಮ್ಮ ಮೇಲೆ ನಾನು ದೂರು ಬರೀಲೇಬೇಕಾಗುತ್ತೆ ಹಿಲ್ಕಾ."

"ಗೊತ್ತು," ಎಂದಳು.

ಲಿಖಿತ ಎಚ್ಚರಿಕೆ ಬಂತು; ಕೆಲಸ ಉಳಿಯಿತು. ಪಂಪುಗಳ ವಿಷಯದಲ್ಲಿ ಯಾರೂ ಯಾರಿಗೂ ಏನನ್ನೂ ಹೇಳಲಿಲ್ಲ. ಅವು ಹೊಸ ಬ್ಯಾಟರಿ ಹಾಕಿಸಿಕೊಂಡು ಸದ್ದಿಲ್ಲದೆ ವಾಪಸು ಬಂದವು. ಬ್ಲಾಗನ್ನು ಆಸ್ಪತ್ರೆಯದೇ ಕಂಪ್ಯೂಟರಿಗೆ ಸಾಗಿಸಿದರು. ಯಾರು ಏನು ಬರೆದರೂ ಹ್ಯಾಚರನ ಕಚೇರಿ ಓದಿ ಒಪ್ಪಿದ ಮೇಲೆಯೇ ಅದು ಕಾಣಿಸಬೇಕು, ಹೆಸರು ಕಡ್ಡಾಯ ಎಂದಾಯಿತು. ಜನ ಬರೆಯುವುದನ್ನು ಬಿಟ್ಟರು. ಡಾರ್ಲಾ ವಸಂತದಲ್ಲಿ ಉತ್ತರದ ತನ್ನವರ ಊರಿನ ಚಿಕಿತ್ಸಾಲಯಕ್ಕೆ ಹೊರಟುಹೋದಳು. ಹೋಗುವ ಮುಂಚೆ ಕೆಳಗೆ ಬಂದು ಹಿಲ್ಕಾಳ ಪಕ್ಕದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದಳು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಹ್ಯಾಚರ್ ತಾನೇ ಮೆಟ್ಟಿಲಿಳಿದು ಬಂದ. ಬಂದವನು ಬಾಗಿಲು ಮುಂದೆ ಮಾಡಿ, ಕಪಾಟುಗಳನ್ನು ನೋಡುತ್ತಾ ನಿಂತ.

"ಆ ಪೂರ್ವದ ಹೆಂಗಸು, ಅವರ ಜೊತೆ ಇನ್ನೂ ಮಾತಾಡ್ತಿದ್ದೀರಾ?"

ಜಿಸೆಲ್‌ಗೆ ಹಿಲ್ಕಾ ವಾರವಾರವೂ ಬರೆಯುತ್ತಿದ್ದಳು. "ಆಗೊಮ್ಮೆ ಈಗೊಮ್ಮೆ," ಎಂದಳು.

"ಮಂಚದ ಪಕ್ಕದ ಕಂಬಿ ತಾನಾಗೇ ಜಾರಿಬಿಡುತ್ತಂತೆ, ಹೊಸ ಮಂಚಗಳಲ್ಲಿ. ಅವರ ಕಡೆ ಹಾಗೇನಾದ್ರೂ ಆಗಿದ್ಯಾ, ಕೇಳಿ ನೋಡ್ತೀರಾ?" ಅವನು ಬಾಗಿಲ ಹಿಡಿಕೆಗೆ ಕೈಹಾಕಿ ತಿರುಗಿದ. "ನನ್ನ ಹೆಸರು ಹಾಕ್ಬೇಡಿ."

ಅವನು ಹೋದ ಮೇಲೆ ಹಿಲ್ಕಾ ಬಾಗಿಲು ಮುಚ್ಚಿದೆಯೇ ಎಂದು ಎರಡು ಸಲ ನೋಡಿ, ಜಿಸೆಲ್‌ಗೆ ಬರೆಯಲು ಕೂತಳು.