ಬಾಡಿಗೆ ಲೆಕ್ಕದಲ್ಲಿ ಬಿಟ್ಟುಹೋದದ್ದು

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳಿಗೆ ಮನೆ ಕೊಳ್ಳುವ ವ್ಯವಹಾರವೂ ತಿಳಿದಿರುತ್ತದೆ ಎಂದು ಅಪ್ಪ ನಂಬಿದ್ದರು. ಆ ನಂಬಿಕೆಯನ್ನು ನಾನು ಆಗಲೇ ತಿದ್ದಬೇಕಿತ್ತು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ ಬಂದ ಮೇಲೆ ನನಗೆ ಖಚಿತವಾಗಿ ಗೊತ್ತಿದ್ದದ್ದು ಅಲ್ಲಿಯ ಬಸ್ಸಿನ ವೇಳೆ ಮಾತ್ರ.

ಅಪ್ಪ ಭದ್ರಾವತಿಯ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಬಂದ ಹಣವನ್ನೆಲ್ಲ ಹಾಕಿ ಶಿವಮೊಗ್ಗದ ರವೀಂದ್ರನಗರದಲ್ಲಿ ಒಂದು ಮನೆ ಕೊಳ್ಳುವುದು, ಅದರ ಬಾಡಿಗೆಯಲ್ಲಿ ಅಪ್ಪ ಅಮ್ಮ ಕೊನೆಯತನಕ ಬದುಕುವುದು ಎಂಬುದು ಯೋಜನೆ. ಸೈ ಅನ್ನುವ ಕೆಲಸ ನನ್ನದು.

ಹಾಳೆ ತುಂಬ ಲೆಕ್ಕ ಬರೆದೆ. ಕಂದಾಯ, ಸುಣ್ಣಬಣ್ಣ, ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬೀಳುವ ನಷ್ಟ, ಎಲ್ಲವನ್ನೂ ಕಳೆದೆ. ಈ 'ಖಾಲಿ' ವಿಚಿತ್ರ ಪದ. ಬೋರ್ಡಿನಲ್ಲಿ ಅದನ್ನು ಕಂಡರೆ ಮನೆ ಹುಡುಕುವವರಿಗೆ ಹಿಗ್ಗು, ಮನೆ ಕಟ್ಟಿಸಿದವರಿಗೆ ಎದೆ ಧಸಕ್. ನಾನು ಯಾರ ಪರವೆಂದು ತಿಳಿಯದೆ ಒಂದು ತಿಂಗಳನ್ನು ಒಂದೂವರೆ ಮಾಡಿದೆ.

ಮನೆ ನೋಡಲು ಹೋದಾಗ ಅಲ್ಲಿ ಬಾಡಿಗೆಗಿದ್ದ ಲೀಲಕ್ಕ ಕೋಣೆಕೋಣೆ ತೋರಿಸಿದರು. ಅಪ್ಪ ಗೋಡೆ ತಟ್ಟಿ ನೋಡಿದರು. ನಾನು ಹಿತ್ತಲ ಕಡೆಯ ಕಿಟಕಿಯಿಂದ ಬೇಗ ದೂರ ಸರಿದೆ. ಹೂಡಿಕೆ ಮಾಡುವವರು ಕಿಟಕಿಗಳನ್ನು ಮೆಚ್ಚಿಕೊಳ್ಳಬಾರದೆಂದು ನಾನೇ ಮಾಡಿಕೊಂಡಿದ್ದ ನಿಯಮ.

"ನೀವು ತಗೊಂಡ್ಮೇಲೂ ನಾವು ಇಲ್ಲೇ ಇರ್ಬಹುದಲ್ವಾ?" ಲೀಲಕ್ಕ ಅಪ್ಪನನ್ನು ಕೇಳಿದರು.

"ಇರ್ರಮ್ಮ. ನೀವಿದ್ರೇನೆ ನಮ್ಗೆ ಅನ್ನ," ಅಪ್ಪ ನಕ್ಕರು.

"ಮತ್ತೆ ನೀವೆಲ್ಲಿ ಇರ್ತೀರಿ ಮಾರಾಯ್ರೆ?"

"ಕ್ವಾರ್ಟರ್ಸಲ್ಲಿ," ಅಂದರು ಅಪ್ಪ, ಥಟ್ಟನೆ.

ಕಾರ್ಖಾನೆಯ ಆ ಕ್ವಾರ್ಟರ್ಸನ್ನು ಮೂರು ತಿಂಗಳೊಳಗೆ ಬಿಟ್ಟುಕೊಡಬೇಕಿತ್ತು. ಅಲ್ಲೇ ಹುಟ್ಟಿ ಬೆಳೆದ ನನಗೆ ಮನೆ ಬಾಡಿಗೆಯೆಂದರೆ ಅಪ್ಪನ ಸಂಬಳದ ಚೀಟಿಯಲ್ಲಿ ಕಡಿತವಾಗುವ ಚಿಲ್ಲರೆ. ನಾವೂ ಎಲ್ಲೋ ಬಾಡಿಗೆ ಕೊಡಬೇಕಾದೀತು ಎಂಬ ಸಾಲು ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಸೇರಿಸಿ ನೋಡಿದರೆ, ಬರುವುದರ ಮುಕ್ಕಾಲು ಪಾಲು ಇನ್ನೊಬ್ಬ ಓನರ್‌ಗೆ.

ಕೊನೆಗೆ ಮನೆ ಕೊಂಡೆವು, ನಾವೇ ಬಂದು ಕೂತೆವು. ತಿಂಗಳ ಖರ್ಚಿಗೆ ನಾನು ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ, ಅರ್ಥಶಾಸ್ತ್ರವನ್ನೇ. ಲೀಲಕ್ಕ ಹಿಂದಿನ ಬೀದಿಯಲ್ಲಿ ಬೇರೆ ಮನೆ ಹಿಡಿದರು, ಬಾಡಿಗೆ ಸ್ವಲ್ಪ ಜಾಸ್ತಿ. ಸಿಕ್ಕಾಗಲೆಲ್ಲ ನಗುತ್ತಾರೆ: "ಅವತ್ತು ನಾನು ಬಾಯ್ಮುಚ್ಕೊಂಡು ಇದ್ದಿದ್ರೆ ಆಗ್ತಿತ್ತು, ಅಲ್ವೇನಮ್ಮ?"

ಹೌದೆನ್ನಲೋ ಇಲ್ಲವೆನ್ನಲೋ ತಿಳಿಯದೆ ನಾನು ಅವರಿಗೆ ಒಳಗೆ ಬನ್ನಿ ಎನ್ನುತ್ತೇನೆ. ಅಂದಾದ ಮೇಲೆ, ಅವರಿದ್ದ ಮನೆಗೆ ಅವರನ್ನೇ ಅತಿಥಿಯಂತೆ ಕರೆದೆನಲ್ಲ ಎಂದು ಇನ್ನಷ್ಟು ಗೊಂದಲ.