ಎಣಿಸುವ ಕಿವಿ

ಗಂಟೆ ಕದಿರಪ್ಪನನ್ನು ನೋಡಿದವರು ಅವನನ್ನು ಹಠಮಾರಿ ಅಂತ ಕರೆಯುತ್ತಿರಲಿಲ್ಲ. ಜಗಳಕ್ಕೆ ನಿಲ್ಲುವವನಲ್ಲ, ಜೋರು ಬಾಯಿಯವನಲ್ಲ. ಊಟಕ್ಕೆ ಕೂತರೆ ಇನ್ನೊಂದು ಮುದ್ದೆ ಬೇಕು ಅಂತ ಕೇಳುವುದಕ್ಕೂ ಸಂಕೋಚ. ಆದರೆ ಯಾವುದನ್ನಾದರೂ ತಲೆಗೆ ಹಚ್ಚಿಕೊಂಡ ಅಂದರೆ ಮುಗಿಯಿತು, ಆ ಬ್ರಹ್ಮನೇ ಇಳಿದು ಬಂದರೂ ಬಿಡಿಸುವುದಕ್ಕೆ ಆಗುತ್ತಿರಲಿಲ್ಲ. ಅವನ ಹೆಂಡತಿ ಓಬಳಮ್ಮನಿಗೆ ಇದು ಮದುವೆಯಾದ ಮೊದಲ ವರ್ಷವೇ ಗೊತ್ತಾಗಿತ್ತು. ಊರಿಗೆ ಗೊತ್ತಾದದ್ದು ಆಮೇಲೆ.

ಬಂಗಾರಪೇಟೆ ಮಗ್ಗುಲಿನ ಒಂದು ಹಳ್ಳಿ ಅವನದು. ರಾಗಿ, ಅವರೆ ಬೆಳೆಯುವ ಮನೆತನ. ಶಾಲೆಯಲ್ಲಿ ಒಂದಿಷ್ಟು ಇಂಗ್ಲಿಷೂ ಕಲಿತು, ಹೊಲವನ್ನು ಅಣ್ಣನಿಗೆ ಬಿಟ್ಟು, ದಿನವೂ ಮಾರಿಕುಪ್ಪಂ ರೈಲು ಹತ್ತಿ ಚಿನ್ನದ ಗಣಿಗೆ ದುಡಿಯಲು ಹೋಗಿಬರತೊಡಗಿದವನು. ಅಲ್ಲಿ ಒಂದು ಶಾಫ್ಟಿನ ಬಾಯಲ್ಲಿ ಗಂಟೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಶಾಫ್ಟು ಅಂದರೆ ಪಾತಾಳದವರೆಗೆ ಕೊರೆದ ಬಾವಿ. ಅದರೊಳಗೆ ಜನರನ್ನು ಇಳಿಸಿ ಏರಿಸುವ ಕಬ್ಬಿಣದ ಪಂಜರವೇ ಕೇಜು. ಕೆಳಗಿನವರು ತಂತಿ ಎಳೆದರೆ ಮೇಲೆ ಗಂಟೆ ಬಡಿಯುತ್ತದೆ. ಕೇಜು ನಿಂತಿರುವಾಗ ಒಂದು ಏಟು ಬಂದರೆ ಎತ್ತು, ಓಡುವಾಗ ಒಂದು ಬಂದರೆ ನಿಲ್ಲಿಸು, ಎರಡು ಬಂದರೆ ಇಳಿಸು, ಮೂರು ಬಂದರೆ ಜನ ಹತ್ತುತ್ತಿದ್ದಾರೆ, ತಡಿ. ಕದಿರಪ್ಪ ಏಟುಗಳನ್ನು ಎಣಿಸಬೇಕು, ಎಣಿಸಿದಷ್ಟನ್ನೇ ಕೆಳಕ್ಕೆ ತಿರುಗಿ ಬಡಿದು ಕೇಳಿಸಿತು ಅಂತ ತಿಳಿಸಬೇಕು, ಆಮೇಲೆ ಇಂಜಿನ್ ಮನೆಯ ಡ್ರೈವರಿಗೆ ದಾಟಿಸಬೇಕು. ಡ್ರೈವರಿಗೆ ಶಾಫ್ಟಿನ ಬಾಯಿಯೇ ಕಾಣದು. ಅವನು ಕದಿರಪ್ಪನ ಗಂಟೆಯನ್ನು ನಂಬಿ ಹಗ್ಗ ಸುತ್ತುವವನು.

ಎಣಿಸು, ತಿರುಗಿ ಹೇಳು, ಮುಂದಕ್ಕೆ ಕಳಿಸು. ಈ ಮೂರರಲ್ಲಿ ಒಂದು ತಪ್ಪಿದರೂ ಕೇಜಿನೊಳಗಿನವರ ಗತಿ ಏನು ಅಂತ ಅವನಿಗೆ ಗೊತ್ತಿತ್ತು. ವರ್ಷಗಟ್ಟಲೆ ಒಂದು ದಿನವೂ ತಪ್ಪಲಿಲ್ಲ. ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೂ ಎಷ್ಟು ಸಲ ತಟ್ಟಿದರು ಅಂತ ಎಣಿಸಿ, ತೊಡೆಯ ಮೇಲೆ ಅಷ್ಟೇ ಸಲ ಬೆರಳು ಬಡಿದು, ಆಮೇಲೆ ಏಳುತ್ತಿದ್ದ. ಓಬಳಮ್ಮ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗಲಿ ಬಿಡಿ, ಅವಳಿಗೆ ಆ ಕೆಲಸದ ಮೇಲೆ ಬಹಳ ಭಕ್ತಿ. ಅವಳ ಅಣ್ಣ ಗಣಿಯೊಳಗೆ ಬಂಡೆ ಕುಸಿದು ಸತ್ತಿದ್ದ. ಆದ್ದರಿಂದಲೇ ಅವಳಪ್ಪ ಭೂಮಿಯ ಮೇಲೆ ಕೆಲಸ ಮಾಡುವ ಗಂಡೇ ಆಗಬೇಕು ಅಂತ ಹುಡುಕಿ ಹುಡುಕಿ ಕದಿರಪ್ಪನಿಗೆ ಕೊಟ್ಟಿದ್ದ.

ತಂತಿ ಕಳಿಸುವ ಮೋರ್ಸ್ ಭಾಷೆಯ ಹುಚ್ಚು ಹತ್ತಿದ್ದು ಅವರೆಕಾಯಿಯ ಕಾಲದಲ್ಲಿ. ಮೂವತ್ತರ ದಶಕದ ನಡುವಿನ ಮಾತು. ಬಂಗಾರಪೇಟೆಯಲ್ಲಿ ಶ್ರೀನಿವಾಸಪ್ಪ ಅಂತ ಒಬ್ಬರಿದ್ದರು, ರೈಲ್ವೆಯಲ್ಲಿ ತಂತಿ ಮಾಸ್ತರಾಗಿ ನಿವೃತ್ತರಾದವರು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರದೆ, ಸರ್ಕಾರದ ಪರವಾನಗಿ ಪಡೆದು ಮನೆಯಲ್ಲೇ ವೈರ್‌ಲೆಸ್ ಕಟ್ಟಿಕೊಂಡಿದ್ದರು. ಕದಿರಪ್ಪ ಒಂದು ಭಾನುವಾರ ಅವರ ಮನೆಗೆ ಅವರೆಕಾಯಿಯ ಮೂಟೆ ಇಳಿಸಲು ಹೋದ. ಒಳಗಿನಿಂದ ಗಿಡ್ಡ ಸದ್ದು, ಉದ್ದ ಸದ್ದು, ಪಿಟಿಪಿಟಿ ಅಂತ ಬರುತ್ತಿತ್ತು. ಏನು ಸ್ವಾಮಿ ಇದು ಅಂತ ಕೇಳಿದ್ದಕ್ಕೆ, ಕೊಲಂಬೋದವನೊಬ್ಬ ತನ್ನ ಮಗಳ ಮದುವೆ ಗೊತ್ತಾಯಿತು ಅಂತ ಹೇಳುತ್ತಿದ್ದಾನೆ ಅಂದರು.

ಕದಿರಪ್ಪ ಮೂಟೆ ಹೊತ್ತುಕೊಂಡೇ ನಿಂತುಬಿಟ್ಟ. ಬಡಿದು ಮದುವೆಯ ಸುದ್ದಿ ಹೇಳಬಹುದು! ಅವನೂ ಇಷ್ಟು ವರ್ಷ ಬಡಿದೇ ಮಾತಾಡಿದವನು. ಎತ್ತು, ಇಳಿಸು, ನಿಲ್ಲಿಸು, ತಡಿ. ಅಷ್ಟು ಬಿಟ್ಟು ಐದನೆಯ ಮಾತು ಆಡಿಲ್ಲ. ತಾನೂ ಕಲಿಯಬೇಕು, ಪರವಾನಗಿ ಪಡೆಯಬೇಕು, ಎಲ್ಲಿಯೋ ದೂರದಲ್ಲಿರುವವನಿಗೆ ತನ್ನ ಹೆಸರು ಹೇಳಬೇಕು ಅಂತ ಅಲ್ಲೇ ತೀರ್ಮಾನಿಸಿದ.

ಶ್ರೀನಿವಾಸಪ್ಪನವರು ಒಪ್ಪಿದರು. ಭಾನುವಾರಗಳು ಅವರ ಜಗಲಿಯಲ್ಲಿ ಕಳೆದವು. ಅಕ್ಷರಗಳೆಲ್ಲ ಬೇಗ ಬಾಯಿಗೆ ಬಂದವು; ಎಣಿಸುವುದರಲ್ಲಿ ಅವನನ್ನು ಮೀರಿಸುವವರು ಯಾರು? ಎರಡು ಗಿಡ್ಡ ಬಂದರೆ ಈ ಅಕ್ಷರ, ಮೂರು ಗಿಡ್ಡ ಬಂದರೆ ಆ ಅಕ್ಷರ. ನಿಧಾನವಾಗಿ ಕಳಿಸಿದರೆ ತಪ್ಪಿಲ್ಲದೆ ಹಿಡಿಯುತ್ತಿದ್ದ. ಸ್ವಲ್ಪ ಜೋರು ಮಾಡಿದರೆ ಮಾತ್ರ ದಾರಿ ತಪ್ಪಿದ ಕುರಿಯಂತೆ ಕಣ್ಣುಕಣ್ಣು ಬಿಡುತ್ತಿದ್ದ. ಆ ವರ್ಷದ ಪರೀಕ್ಷೆಗೆ ಬೆಂಗಳೂರಿಗೆ ಹೋದ. ತಂತಿ ಇಲಾಖೆಯ ಅಧಿಕಾರಿ ಕಳಿಸಲು ಶುರುಮಾಡಿದರು. ಕದಿರಪ್ಪ ಮೊದಲ ಮಾತು ಬರೆಯುವಷ್ಟರಲ್ಲಿ ಮೂರು ಮಾತು ದಾಟಿಹೋಗಿದ್ದವು. ನಪಾಸಾಗಿ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದ.

ಕಾಯಿಲೆ ಎಲ್ಲಿದೆ ಅಂತ ಶ್ರೀನಿವಾಸಪ್ಪನವರಿಗೆ ಹೊಳೆದದ್ದು ಅವನ ತೊಡೆ ನೋಡಿದ ಮೇಲೆ. ಒಂದೊಂದು ಅಕ್ಷರ ಕೇಳಿದಾಗಲೂ ಅವನ ಬೆರಳು ಅದನ್ನು ತಿರುಗಿ ಬಡಿಯುತ್ತಿತ್ತು. ಎಣಿಸಿ, ತಿರುಗಿ ಹೇಳಿ, ಆಮೇಲೆ ಬರೆಯುತ್ತಿದ್ದ. ಗಣಿಯ ಗಂಟೆ ಅವನಿಗಾಗಿ ಕಾಯುತ್ತದೆ, ಮೋರ್ಸ್ ಕಾಯುವುದಿಲ್ಲ.

“ನಿನ್ನ ಹೆಂಡತಿ ಊಟಕ್ಕೆ ಬಾ ಅಂದರೆ ಎಷ್ಟು ಅಕ್ಷರ ಆಯಿತು ಅಂತ ಎಣಿಸುತ್ತೀಯಾ?” ಅಂತ ಕೇಳಿದರು.

“ಇಲ್ಲ ಸ್ವಾಮಿ, ಎದ್ದು ಓಗ್ತೀನಿ.”

“ಹಾಗೇ ಕೇಳು. ಎಣಿಸಿದೆಯೋ ಕೆಟ್ಟೆ.”

ಹೇಳುವುದು ಸುಲಭ. ಎಣಿಸದೆ ಇರುವುದು ಹೇಗೆ? ಶ್ರೀನಿವಾಸಪ್ಪನವರು ಅದಕ್ಕೂ ಒಂದು ಉಪಾಯ ಮಾಡಿದರು. ನೆನೆಸಿದ ಅವರೆಕಾಳಿನ ಬೋಗುಣಿಯನ್ನು ಅವನ ಮುಂದಿಟ್ಟು, ಹಿಸುಕು ಅಂದರು. ಎರಡು ಕೈಯಲ್ಲೂ ಕಾಳು ಹಿಸುಕಿ ಸಿಪ್ಪೆ ಬಿಡಿಸುತ್ತಾ, ಕಿವಿಗೆ ಬಿದ್ದ ಅಕ್ಷರವನ್ನು ಬಾಯಲ್ಲಿ ಹೇಳಬೇಕು. ಕೈ ಬಿಡುವಿಲ್ಲದಿದ್ದರೆ ತಿರುಗಿ ಬಡಿಯುವುದು ಹೇಗೆ? ಮೊದಮೊದಲು ಕದಿರಪ್ಪ ಕಾಳನ್ನು ಲೆಕ್ಕಹಾಕಿ ಹಿಸುಕತೊಡಗಿದ, ಬೈಸಿಕೊಂಡ. ವಾರಗಳು ಉರುಳಿದವು. ಮಾಸ್ತರರ ಮನೆಯಲ್ಲಿ ದಿನವೂ ಹಿತಕಬೇಳೆ ಸಾರು. ಇವನು ಕಲಿಯುವವರೆಗೆ ನಮಗೆ ಬೇರೆ ಸಾರಿನ ಯೋಗವಿಲ್ಲ ಅಂತ ಅವರ ಮನೆಯಾಕೆ ರೇಗಿಸುತ್ತಿದ್ದರು. ಕೊನೆಗೊಂದು ಭಾನುವಾರ ಕಟ್ಟೆಯೊಡೆದ ಹಾಗೆ ಆಯಿತು. ಸದ್ದು ಸದ್ದಾಗಿ ಬರಲಿಲ್ಲ, ಅಕ್ಷರವಾಗಿಯೇ ಬಂತು. ಅಕ್ಷರ ಅಕ್ಷರಕ್ಕೆ ಸೇರಿ ಮಾತಾಯಿತು. ಮುಂದೆ ಬರುವ ಅಕ್ಷರ ಯಾವುದಿರಬಹುದು ಅಂತಲೂ ಮನಸ್ಸು ತಾನಾಗಿ ಹೇಳತೊಡಗಿತು. ಕದಿರಪ್ಪನಿಗೆ ಸಂತೋಷ ತಡೆಯಲಾಗದೆ ಕಣ್ಣಲ್ಲಿ ನೀರು ಬಂತು.

ಆ ಸಂತೋಷವೇ ಮರುವಾರ ಅವನ ಕೊರಳಿಗೆ ಸುತ್ತಿಕೊಂಡಿತು. ಮಧ್ಯಾಹ್ನ ಪಾಳಿ ಬಿಡುವ ಹೊತ್ತು. ಕೆಳಗಿನಿಂದ ಮೂರು ಏಟು ಬಂತು. ಜನ ಹತ್ತುತ್ತಿದ್ದಾರೆ, ತಡಿ. ಕದಿರಪ್ಪನ ಕಿವಿಗೆ ಅದು ಮೂರು ಅಂತ ಬೀಳಲಿಲ್ಲ, ಒಂದು ಅಕ್ಷರವಾಗಿ ಬಿತ್ತು. ಮನಸ್ಸು ಅದನ್ನು ದಾಟಿ ಮುಂದಿನದಕ್ಕೆ ಹಾರಿತು. ಮೂರಾದ ಮೇಲೆ ಯಾವಾಗಲೂ ಬರುವ ಆ ಒಂದು ಏಟನ್ನು, ಕೆಳಗಿನಿಂದ ಬರುವ ಮೊದಲೇ, ಕೈ ತಾನಾಗಿ ಡ್ರೈವರಿಗೆ ಹೊಡೆದುಬಿಟ್ಟಿತು. ಕೇಜು ಎದ್ದಿತು. ಕೆಳಗೆ ಬಾಗಿಲು ಇನ್ನೂ ತೆರೆದಿತ್ತು, ಒಬ್ಬನ ಕಾಲು ಒಳಗೆ, ಮೈ ಹೊರಗೆ. ಒಳಗಿದ್ದವರು ಅವನ ಅಂಗಿ ಹಿಡಿದು ಎಳೆದುಕೊಂಡರು. ನಿಲ್ಲಿಸು ಅನ್ನುವ ಏಟು ಬಂತು, ಕೇಜು ನಿಂತಿತು. ಅವನ ಮೊಣಕೈ ತರಚಿತ್ತು, ಅಷ್ಟೇ. ಆದರೆ ಕದಿರಪ್ಪನ ಜೀವ ಬಾಯಿಗೆ ಬಂದಿತ್ತು.

ಗಂಟೆಯ ತಂತಿ ಎಲ್ಲೋ ಸಿಕ್ಕಿಕೊಂಡು ತಪ್ಪು ಏಟು ಬಿದ್ದಿರಬೇಕು ಅಂತ ಎಲ್ಲರೂ ಅಂದುಕೊಂಡರು. ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಕದಿರಪ್ಪ ನೇರವಾಗಿ ಶಾಫ್ಟಿನ ಮೇಸ್ತ್ರಿ ಸುಬ್ಬರಾಯಪ್ಪನ ಬಳಿಗೆ ಹೋಗಿ, ತಂತಿಯದಲ್ಲ ತಪ್ಪು, ನನ್ನದು ಅಂತ ಎಲ್ಲವನ್ನೂ ಹೇಳಿದ. ಮೇಸ್ತ್ರಿ ಒಳ್ಳೆಯ ಮನುಷ್ಯ. ಬೈದ, ಕೂರಿಸಿ ಬುದ್ಧಿಯನ್ನೂ ಹೇಳಿದ.

“ಆ ಟಕಟಕ ಬಿಟ್ಟಾಕ್ಲಾ. ಅದೇನ್ ಅನ್ನ ಆಕ್ತದಾ ನಿಂಗೆ?”

ಬಿಡುವುದು ಎಷ್ಟು ಸುಲಭವಿತ್ತು ನೋಡಿ. ಹೆಂಡತಿ ಖುಷಿ, ಮೇಸ್ತ್ರಿ ಖುಷಿ, ಊರು ಖುಷಿ. ಆದರೆ ಗಂಟೆಯ ಎಣಿಕೆಯೂ ಮೋರ್ಸೂ ಒಂದೇ ಕಿವಿಯಲ್ಲಿ ಇರಲಾರವು ಅಂತ ಕದಿರಪ್ಪನಿಗೆ ಗೊತ್ತಾಗಿತ್ತು. ಗಂಟೆಯ ಕೆಲಸ ಬೇರೆಯವರಿಗೆ ಕೊಡಿ, ನನ್ನನ್ನು ಕೆಳಗೆ ಟಬ್ಬು ತಳ್ಳುವುದಕ್ಕೆ ಹಾಕಿ ಅಂದ. ಮೇಸ್ತ್ರಿ ಇವನಿಗೆ ಗಾಳಿ ಹಿಡಿದಿದೆ ಅಂತಲೇ ತಿಳಿದ. ಭೂಮಿಯ ಮೇಲಿನ ಕೆಲಸಕ್ಕೆ ಜನ ಕೈಮುಗಿದು ಕಾಯುತ್ತಿರುವಾಗ ಇವನು ಕೆಳಗಿಳಿಯುತ್ತೇನೆ ಅನ್ನುತ್ತಾನಲ್ಲ!

ಓಬಳಮ್ಮನಿಗೆ ಅವನು ಊಟವಾದ ಮೇಲೆ, ಏಟು ಅಕ್ಷರವಾಗಿ ಕೇಳಿಸಿದ್ದನ್ನೂ ಸೇರಿಸಿ, ಎಲ್ಲವನ್ನೂ ಹೇಳಿದ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಭೂಮಿ ಮ್ಯಾಲಿರೋ ಗಂಡಂತ ನೋಡಿ ಕೊಟ್ರು ನಮ್ಮಪ್ಪ,” ಅಂದಳು. “ನೀನಾಗೇ ಇಳೀತೀನಿ ಅಂತೀಯ. ಅದೂ ಯಾತಕ್ಕೆ, ಪಿಟಿಪಿಟಿಗೆ.”

“ಓಬಳಮ್ಮ, ಇಷ್ಟು ವರ್ಸ ನಾಕೇ ಮಾತಾಡೀನಿ ಕಣೇ ನಾನು,” ಅಂದ ಅವನು. “ಐದನೇದು ಆಡ್ಬೇಕು.”

ಅವಳಿಗೆ ಅದು ಅರ್ಥವಾಯಿತೋ ಇಲ್ಲವೋ, ಆ ದಿನದಿಂದ ಮಾತು ಬಿಟ್ಟಳು. ಬುತ್ತಿ ಕಟ್ಟಿ ಹೊಸ್ತಿಲ ಬಳಿ ಇಡುತ್ತಿದ್ದಳು, ಅವನು ಎತ್ತಿಕೊಂಡು ಹೋಗುತ್ತಿದ್ದ. ಅವಳ ಸಿಟ್ಟು ಸಿಟ್ಟಲ್ಲ, ಹೆದರಿಕೆ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಇಳಿದ. ಇದನ್ನು ಸರಿ ಅನ್ನಬೇಕೋ ತಪ್ಪು ಅನ್ನಬೇಕೋ ಹೇಳುವುದು ಕಷ್ಟ. ಅವನಂತೂ ಯಾರನ್ನೂ ಕೇಳಲಿಲ್ಲ.

ಕೆಳಗೆ ಬೆಂಕಿಯಂಥ ಸೆಕೆ. ಕತ್ತಲಲ್ಲಿ ಕಲ್ಲು ತುಂಬಿದ ಟಬ್ಬನ್ನು ಹಳಿಯ ಮೇಲೆ ತಳ್ಳಿ ತಳ್ಳಿ ರಟ್ಟೆ ಬಿದ್ದುಹೋಗುತ್ತಿತ್ತು. ಕದಿರಪ್ಪ ತಳ್ಳುತ್ತಲೇ ಕಣ್ಣಿಗೆ ಬಿದ್ದದ್ದನ್ನೆಲ್ಲ ಮೋರ್ಸಿನಲ್ಲಿ ಶಿಳ್ಳೆ ಹಾಕುತ್ತಿದ್ದ. ದೀಪ, ಕಲ್ಲು, ಹಗ್ಗ, ಜೊತೆಗಾರರ ಹೆಸರು. ಅವರು ತಮಿಳಿನಲ್ಲೂ ತೆಲುಗಿನಲ್ಲೂ ಚೆನ್ನಾಗಿ ಗೇಲಿ ಮಾಡಿದರು. ಕೆಲವು ದಿನವಾದ ಮೇಲೆ ಒಬ್ಬೊಬ್ಬರಾಗಿ ಬಂದು, ನನ್ನ ಹೆಸರು ಹೇಗಿರುತ್ತದೆ ಹಾಕು ನೋಡೋಣ ಅಂತ ಕೇಳತೊಡಗಿದರು. ಭಾನುವಾರ ಬಂದರೆ ಮೈ ನೋವಿದ್ದರೂ ಬಂಗಾರಪೇಟೆಯ ಜಗಲಿ ತಪ್ಪುತ್ತಿರಲಿಲ್ಲ.

ಮತ್ತೆ ಪರೀಕ್ಷೆ ಬಂತು. ಅದೇ ಬೆಂಗಳೂರು, ಅದೇ ಅಧಿಕಾರಿ. ಸದ್ದು ಶುರುವಾಯಿತು, ಕದಿರಪ್ಪ ಬರೆಯುತ್ತಾ ಹೋದ. ನಡುವೆ ಒಂದು ಅಕ್ಷರ ತಪ್ಪಿತು. ಗಂಟೆಯವನು ಒಂದು ಏಟನ್ನೂ ಬಿಡುವವನಲ್ಲ. ಸಂದೇಹ ಬಂದರೆ ಎಲ್ಲವನ್ನೂ ನಿಲ್ಲಿಸಿ ಮತ್ತೆ ಕೇಳುವವನು. ಎಡಗೈ ತೊಡೆಯ ಕಡೆಗೆ ಸರಿಯಿತು. ಅದನ್ನು ತೊಡೆಯ ಅಡಿಗೆ ತುರುಕಿ ಅದರ ಮೇಲೆ ಕೂತ. ಹೋದದ್ದು ಹೋಯಿತು ಅಂತ ಅಷ್ಟು ಜಾಗ ಖಾಲಿ ಬಿಟ್ಟು ಮುಂದಿನದನ್ನು ಹಿಡಿದ. ಅವನ ಇಡೀ ಕಲಿಕೆಯಲ್ಲಿ ಅದರಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಅಧಿಕಾರಿ ಹಾಳೆ ನೋಡಿ, ಒಂದೇ ತಪ್ಪು, ಪಾಸು ಅಂದರು.

ಪರವಾನಗಿ ಬಂದ ಭಾನುವಾರ ಶ್ರೀನಿವಾಸಪ್ಪನವರ ಸೆಟ್ಟಿನ ಮುಂದೆ ಕೂತು, ಪರವಾನಗಿಯ ಜೊತೆ ಸಿಕ್ಕ ತನ್ನದೇ ಕರೆಹೆಸರಿನಲ್ಲಿ ಗಾಳಿಗೆ ಕೂಗು ಹಾಕಿದ. ಬಹಳ ಹೊತ್ತು ಯಾರೂ ಓಗೊಡಲಿಲ್ಲ. ಬೆರಳು ಸೋಲುವ ಹೊತ್ತಿಗೆ ಕೊಲಂಬೋದಿಂದ ಉತ್ತರ ಬಂತು. ಹೆಸರು ಹೇಳಿದ, ಊರು ಹೇಳಿದ. ನಿಮ್ಮ ಕಡೆ ಏನು ಸಮಾಚಾರ ಅಂತ ಆ ಕಡೆಯವನು ಕೇಳಿದ. ಕದಿರಪ್ಪ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ನಮ್ಮ ಹೊಲದಲ್ಲಿ ಅವರೆ ಹೂ ಬಿಟ್ಟಿದೆ, ಹೆಂಡತಿ ಮಾತು ಬಿಟ್ಟಿದ್ದಾಳೆ ಅಂತ ಕಳಿಸಿದ. ಹೂ ಬೇಗ ಕಾಯಿ ಕಟ್ಟಲಿ, ಹೆಂಡತಿ ಅದಕ್ಕಿಂತ ಬೇಗ ಮಾತಾಡಲಿ ಅಂತ ಅವನು ಹಾರೈಸಿದ. ಇದನ್ನು ಮನೆಗೆ ಬಂದು ಹೇಳಿದಾಗ ಓಬಳಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. ನಮ್ಮನೆ ವಿಷಯ ಸಿಂಹಳದವನ ಮುಂದೆ ಹೇಳಿ ಮಾನ ಕಳೆದೆಯಾ ಅಂತ ಬೈದಳು. ಮೂಕತನ ಮುಗಿಯಿತು, ಹೆದರಿಕೆ ಮುಗಿಯಲಿಲ್ಲ. ಸಂಜೆ ರೈಲು ತಡವಾದರೆ ಅವಳು ಊರ ಬಾಯಿಯವರೆಗೆ ಬಂದು ನಿಂತಿರುತ್ತಿದ್ದಳು.

ಒಂದು ಸಂಜೆ ಸುಬ್ಬರಾಯಪ್ಪ ಮೇಸ್ತ್ರಿ ಮನೆಗೇ ಬಂದ. ಹೊಸ ಗಂಟೆಯವನು ಕೆಲಸ ಬಿಟ್ಟು ಊರಿಗೆ ಹೋಗುತ್ತಿದ್ದಾನಂತೆ. ಪರೀಕ್ಷೆಯೂ ಆಯಿತಲ್ಲ, ನಿನ್ನ ಜಾಗಕ್ಕೆ ನೀನು ಬಾ, ನಿಜ ಹೇಳಿದವನು ನೀನೊಬ್ಬನೇ, ನಿನ್ನನ್ನು ಬಿಟ್ಟು ಯಾರನ್ನು ನಂಬಲಿ ಅಂದ. ಓಬಳಮ್ಮನ ಮುಖ ಅರಳಿತು. ಅವಳು ದೇವರಲ್ಲಿ ಬೇಡಿಕೊಂಡದ್ದೇ ಮನೆ ಬಾಗಿಲಿಗೆ ಬಂದಿತ್ತು.

ಕದಿರಪ್ಪನಿಗೂ ಆಸೆಯಾಯಿತು. ಹೂಂ ಅನ್ನಬೇಕು ಅಂತ ನಾಲಿಗೆ ತುದಿಯವರೆಗೆ ಬಂದಿತ್ತು. ಹೆಂಡತಿಯ ಮುಖದಲ್ಲಿ ಅಂಥ ಬೆಳಕನ್ನು ಅವನು ಬಹಳ ದಿನದಿಂದ ನೋಡಿರಲಿಲ್ಲ. ಆದರೆ ಪಾಳಿ ಮುಗಿಸಿ ಮೇಲೆ ಬಂದಾಗಲೆಲ್ಲ ಗಂಟೆಯ ಹತ್ತಿರ ನಿಂತು ಎಣಿಸಲು ಪ್ರಯತ್ನಿಸಿ ನೋಡಿದ್ದ. ಆಗುತ್ತಿರಲಿಲ್ಲ. ಓಬಳಮ್ಮ ಅವನ ಮುಖ ನೋಡಿದಳು. ಅವನನ್ನು ಬಲ್ಲವಳು, ಸುತ್ತುಬಳಸದೆ ಕೇಳಿದಳು.

“ನಿಜ ಏಳು. ಆ ಗಂಟೆ ಬಡುದ್ರೆ ನಿಂಗೀಗ ಎಷ್ಟು ಅಂತ ಕೇಳ್ತದಾ, ಅಕ್ಸರ ಅಂತ ಕೇಳ್ತದಾ?”

ಅವನು ತಲೆಯೆತ್ತಿ ಅವಳನ್ನೇ ನೋಡಿದ.

“ಅಕ್ಸರ.”

ಓಬಳಮ್ಮ ಕಣ್ಣೊರೆಸಿಕೊಂಡು ಮೇಸ್ತ್ರಿಯ ಕಡೆಗೆ ತಿರುಗಿದಳು.

“ಬ್ಯಾಡಿ ಮೇಸ್ತ್ರಿ. ಎಣಿಸೋ ಕಿವಿ ಇರೋನ್ನ ನಿಲ್ಸಿ ಅಲ್ಲಿ. ನನ್ ಗಂಡನೂ ಅದೇ ಕೇಜ್ನಾಗೆ ಮ್ಯಾಲಕ್ಕೆ ಬರ್ಬೇಕು.”